ಅಭೀಷ್ಟ ಎಂದಿರಿ, ಅನಿಷ್ಟ ಎಂದು ಕೇಳಿಸಿತು

ಚುನಾವಣಾ ಕಚೇರಿಯ ಕುರ್ಚಿಗೆ ಹಾಸುಬೀದಿಯಿಂದ

ಮಾನ್ಯರೇ,

ನಿಮ್ಮ ಹೆಸರು ಬರೆದಿಲ್ಲ. ಬರೆಯುವ ಅಗತ್ಯವೂ ಕಾಣಲಿಲ್ಲ. ಹದಿನಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಏಳು ಜನ ಕೂತು, ಹಾರ ಹಾಕಿಸಿಕೊಂಡು ಎದ್ದುಹೋಗಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಮನುಷ್ಯರು ಬದಲಾದರು, ಕುರ್ಚಿ ಬದಲಾಗಲಿಲ್ಲ. ಆದ್ದರಿಂದ ಕುರ್ಚಿಗೇ ಬರೆಯುತ್ತಿದ್ದೇನೆ. ಸದ್ಯಕ್ಕೆ ಅದರ ಮೇಲೆ ಯಾರಿದ್ದೀರೋ ಅವರು ಓದಿಕೊಳ್ಳಿ.

ದೂರು ಇಷ್ಟು. ನಿಮ್ಮ ಕಚೇರಿಯ ಒಂದೇ ಒಂದು ಪದ ದೊಡ್ಡಬಳ್ಳಾಪುರದ ನಮ್ಮ ಹಾಸುಬೀದಿಯ ಒಬ್ಬ ಮನುಷ್ಯನನ್ನು ಹದಿನಾರು ವರ್ಷದಿಂದ ಬೋನಿನಲ್ಲಿಟ್ಟಿದೆ. ಅದೇ ಬೋನಿನಲ್ಲಿ ಅವರ ಮಗ್ಗ ನಂಬಿಕೊಂಡ ನಲವತ್ತು ಮನೆಗಳೂ ಇವೆ. ಬರುವ ಪುರಸಭೆ ಚುನಾವಣೆಗೆ ನಾಮಪತ್ರ ಕೊಡುವ ಕಡೆಯ ದಿನ ಜೂನ್ ಹನ್ನೆರಡು. ಅಷ್ಟರೊಳಗೆ ನೀವು ಆ ಪದವನ್ನು ವಾಪಸು ತೆಗೆದುಕೊಳ್ಳದಿದ್ದರೆ ಇಪ್ಪತ್ತೆರಡು ಮಗ್ಗದ ನಮ್ಮ ಶೆಡ್ಡು ಮಾರಾಟವಾಗುತ್ತದೆ. ಹೊಸಕೋಟೆ ಕಡೆಯವರೊಬ್ಬರು ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿಯಾಗಿದೆ. ಅವರಿಗೆ ಬೇಕಾಗಿರುವುದು ಗೋಡೆ ಮತ್ತು ತಗಡು. ಮಗ್ಗ ಬೇಡವಂತೆ, ಮಗ್ಗದವರಂತೂ ಬೇಡವೇ ಬೇಡ.

ಆ ಮನುಷ್ಯ ಸಾಹುಕಾರ್ ಆದಿನಾರಾಯಣಪ್ಪನವರು. ರೇಷ್ಮೆ ಸೀರೆ ವ್ಯಾಪಾರಿ. ನಿಮ್ಮ ಕಚೇರಿಯ ಗುಮಾಸ್ತರ ಬಾಯಲ್ಲಿ ‘ಠೇವಣಿ ಆದಿನಾರಾಯಣಪ್ಪ’. ಅರವತ್ತೆರಡು, ಅರವತ್ತೇಳು, ಎಪ್ಪತ್ತೆರಡು, ಈ ವರ್ಷದ ಎಪ್ಪತ್ತೆಂಟು, ಹೀಗೆ ನಾಲ್ಕು ವಿಧಾನಸಭೆ ಚುನಾವಣೆಗೆ ಪಕ್ಷೇತರರಾಗಿ ನಿಂತು ನಾಲ್ಕರಲ್ಲೂ ಠೇವಣಿ ಕಳೆದುಕೊಂಡವರು. ಮೊದಲ ಸಲ ನೀವು ಏಣಿ ಗುರುತು ಕೊಟ್ಟಿರಿ, ಎರಡನೇ ಸಲ ಸೈಕಲ್. ಮೂರನೇ ಸಲ, ತುಂಬಿ ಹರಿಯುವ ಹೊಳೆಯೇ ಇಲ್ಲದ ನಮ್ಮ ಸೀಮೆಯಲ್ಲಿ, ದೋಣಿ. ಈ ಫೆಬ್ರವರಿಯಲ್ಲಿ ಒಂಟೆ. ಒಂಟೆಯ ಚಿತ್ರ ನೋಡಿ ನಮ್ಮವ್ವ, “ಇದ್ಯಾಕ್ಲಾ, ಬೆನ್ನು ಮುರ್ಕೊಂಡಿರೋ ಹಸೀನ ಕೊಟ್ಟವ್ರೆ ಆವಯ್ಯಂಗೆ?” ಎಂದು ಕೇಳಿದಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಹುಕಾರರ ಭಟ್ಟಂಗಿಯಲ್ಲ. ಅವರ ಶೆಡ್ಡಿನಲ್ಲಿ ಮಗ್ಗ ಓಡಿಸುವವನು. ನೇಕಾರ ಕೂಲಿಗಾರರ ಸಂಘದ ಕೆಂಪು ಬ್ಯಾನರು ಹಿಡಿದು ಅವರ ಅಂಗಡಿಯ ಮುಂದೆಯೇ ಹದಿನೇಳು ದಿನ ಕೂತವನು, ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವನು. ಅವರನ್ನು ಕಂಡರೆ ನನಗೆ ಪ್ರೀತಿ ಉಕ್ಕುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

ಆದಿನಾರಾಯಣಪ್ಪನವರು ಹುಟ್ಟು ಸಾಹುಕಾರರಲ್ಲ. ಗುಣಿಮಗ್ಗದಲ್ಲಿ ಕಾಲಿಟ್ಟು ನೇಯ್ದವರು. ತಾವು ನೇಯ್ದದ್ದನ್ನು ಗಂಟು ಕಟ್ಟಿ, ರೈಲು ಹತ್ತಿ, ಚಿಕ್ಕಪೇಟೆಯ ಅಂಗಡಿ ಅಂಗಡಿಯ ಮೆಟ್ಟಿಲು ಸವೆಸಿ, ನಾಲ್ಕು ಶೆಡ್ಡಿನ ಒಡೆಯರಾದವರು. ಅರವತ್ತೊಂದರಲ್ಲಿ ರೇಷ್ಮೆ ನೂಲಿಗೆ ಬರ ಬಂತು. ಸರ್ಕಾರದ ನೂಲಿನ ಪಾಲು ಕೇಳಲು ಬೆಂಗಳೂರಿನ ಒಂದು ಕಚೇರಿಗೆ ಹೋದರು. ಬೆಳಿಗ್ಗೆ ಹತ್ತಕ್ಕೆ ಹೋದವರನ್ನು ಸಾಯಂಕಾಲ ಐದರ ತನಕ ಪಡಸಾಲೆಯಲ್ಲಿ ನಿಲ್ಲಿಸಿದರು. ಮೂರು ದಿನ ಹಾಗೇ ಆಯಿತು. ಬೆಂಚು ಖಾಲಿಯಿತ್ತು, ಆದರೆ ಕೂರಿ ಎಂದು ಯಾರೂ ಅನ್ನಲಿಲ್ಲ. ಅನ್ನದೆ ಕೂರುವ ಜಾಯಮಾನ ಅವರದಲ್ಲ. ನಾಲ್ಕನೇ ದಿನ ಊರಿಗೆ ಬಂದು ಅರಳಿಕಟ್ಟೆಯಲ್ಲಿ ಹೇಳಿದ ಮಾತು ನಮ್ಮ ಬೀದಿಯ ಮುದುಕರಿಗೆಲ್ಲ ಬಾಯಿಪಾಠ: “ನನ್ನ ನಿಲ್ಸಿದ್ರಲ್ಲ, ನಾನೂ ನಿಲ್ತೀನಿ ಕಣ್ರಪ್ಪಾ. ಎಲೆಕ್ಷನ್‌ಗೇ ನಿಲ್ತೀನಿ. ಗೆದ್ದು ಕುರ್ಚಿ ಮೇಲೆ ಕೂತ ದಿನ ಆ ನನ್ಮಕ್ಕಳನ್ನ ನಿಲ್ಸಿ ಮಾತಾಡ್ತೀನಿ.”

ಅವತ್ತು ನಿಂತವರು ಇನ್ನೂ ನಿಂತೇ ಇದ್ದಾರೆ, ಮಾನ್ಯರೇ.

ಈಗ ನಿಮ್ಮ ಪದಕ್ಕೆ ಬರೋಣ. ಅರವತ್ತೆರಡಕ್ಕೆ ಮುಂಚೆ ಓಟು ಹಾಕುವುದು ಸಲೀಸಿತ್ತು. ಒಬ್ಬೊಬ್ಬ ಹುರಿಯಾಳಿಗೂ ಒಂದೊಂದು ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಇಳಿಬಿಟ್ಟು ಬರುವುದು. ಆ ವರ್ಷ ಪದ್ಧತಿ ಬದಲಾಯಿತು. ಪೆಟ್ಟಿಗೆ ಒಂದೇ, ಚೀಟಿಯಲ್ಲಿ ಎಲ್ಲರ ಗುರುತೂ ಇರುತ್ತದೆ, ಒಂದರ ಮೇಲೆ ಮುದ್ರೆ ಒತ್ತಬೇಕು. ಒಳ್ಳೆಯದೇ. ಅದನ್ನು ಜನಕ್ಕೆ ತಿಳಿಸುವ ಹೊಣೆ ನಿಮ್ಮ ಕಚೇರಿಯದು. ನೀವು ತಿಳಿಸಿದ್ದು ಹೇಗೆ? ಆ ಪ್ರಕಟಣೆ ಇವತ್ತಿಗೂ ನನ್ನ ಹತ್ತಿರವಿದೆ: “ಮತದಾರರು ತಮ್ಮ ಅಭೀಷ್ಟ ಅಭ್ಯರ್ಥಿಯ ಚಿಹ್ನೆಗೆ ಎದುರಾಗಿ ಮುದ್ರಾಂಕನ ಮಾಡತಕ್ಕದ್ದು.”

ಅಭೀಷ್ಟ! ಯಾವ ಮನೆಯಲ್ಲಿ ಸ್ವಾಮಿ ಈ ಪದ ಆಡುತ್ತಾರೆ? ನಿಮ್ಮ ಮನೆಯಲ್ಲಿ ಮಜ್ಜಿಗೆ ಬೇಕಾದಾಗ ಅಭೀಷ್ಟ ಎನ್ನುತ್ತೀರಾ? ಸರ್ಕಾರದ ಮಾತನ್ನು ಬೀದಿ ಬೀದಿಗೆ ಸಾರುವ ತಮಟೆ ಜವರಪ್ಪನಿಗೆ ಓದು ಬರದು. ನಿಮ್ಮ ಗುಮಾಸ್ತರು ಆ ಸಾಲನ್ನು ಅವನಿಗೆ ಎರಡು ಸಲ ಓದಿ ಹೇಳಿದರು. ಅವನ ಕಿವಿಗೆ ಬಿದ್ದದ್ದು ಅವನ ಮನೆಯಲ್ಲಿ, ನಮ್ಮ ಮನೆಯಲ್ಲಿ, ದಿನಕ್ಕೆ ಹತ್ತು ಸಲ ಆಡುವ ಪದ. ಪಾಪ, ಕೇಳಿ ಖಾತ್ರಿಯನ್ನೂ ಮಾಡಿಕೊಂಡನಂತೆ: “ಸ್ವಾಮಿ, ಅನಿಷ್ಟ ಅಂದ್ರೆ ನಮ್ಮ ಹೆಂಗಸ್ರು ಬೈತಾರಲ್ಲ, ಅದೇ ಅನಿಷ್ಟ ಅಲ್ವ್ರಾ?” ಗುಮಾಸ್ತರು ತಲೆಯೆತ್ತದೆ, “ಹೇಳಿದಷ್ಟು ಸಾರಿ ಬಾರಯ್ಯ, ಅರ್ಥ ಕಟ್ಕೊಂಡು ನಿಂಗೇನಾಗ್ಬೇಕು?” ಎಂದರಂತೆ. ಅವನು ಸಾರಿದ. ಹಾಸುಬೀದಿ, ಹಿಂದಿನ ಬೀದಿ, ಕೆರೆ ಕಡೆಯ ಮಗ್ಗದ ಮನೆಗಳು, ಎಲ್ಲೆಲ್ಲೂ ಸಾರಿದ: “ಕೇಳ್ರಪ್ಪೋ ಕೇಳಿ! ಓಟಿನ ಚೀಟೀಲಿ ನಿಮ್ಗೆ ಯಾವನು ಅನಿಷ್ಟಾನೋ ಅವನ ಮ್ಯಾಲೆ ಮುದ್ರೆ ಗುದ್ಬೇಕಂತ್ರಪ್ಪೋ!”

ಬೇರೆ ಕಡೆಯಾಗಿದ್ದರೆ ಜನ ನಗುತ್ತಿದ್ದರು. ನಮ್ಮ ಬೀದಿಯಲ್ಲಿ ಯಾರೂ ನಗಲಿಲ್ಲ. ಸರಿಯಾಗಿಯೇ ಇದೆ ಎಂದುಕೊಂಡರು. ಯಾಕೆ ಗೊತ್ತೇ? ನೇಕಾರನಿಗೆ ಮುದ್ರೆ ಎಂದರೇನೆಂದು ನಿಮಗೆ ತಿಳಿಯದು. ನೇಯ್ದ ಸೀರೆಯನ್ನು ಸಾಹುಕಾರರ ಅಂಗಡಿಗೆ ಒಯ್ದರೆ ಅವರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎಲ್ಲೋ ಒಂದು ಎಳೆ ತಪ್ಪಿದೆ, ಅಂಚು ಕೂಡಿಲ್ಲ, ಅಂದರೆ ದಾಗಿದೆ ಎಂದು ಕಂಡರೆ, ನೇರಳೆ ಶಾಯಿಯ ಮುದ್ರೆಯೊಂದನ್ನು ಎತ್ತಿ ಅಲ್ಲಿಗೆ ಒತ್ತುತ್ತಾರೆ. ಅಡ್ಡಡ್ಡ ಗೆರೆಯ ಗುರುತು. ಒತ್ತಿದರೆ ಮುಗಿಯಿತು, ಆ ಸೀರೆ ಬೇಡದ ಸೀರೆ, ನೇಯ್ದವನ ಕೈಗೇ ವಾಪಸು, ಕೂಲಿಯೂ ಅರ್ಧ. ಒಳ್ಳೆಯ ಸೀರೆಗೆ ಯಾರೂ ಯಾವತ್ತೂ ಮುದ್ರೆ ಒತ್ತಿದ್ದಿಲ್ಲ. ಒಳ್ಳೆಯದು ಮುಟ್ಟಿಸಿಕೊಳ್ಳದೆ ಹೋಗುತ್ತದೆ. ನೀವು ಮತಗಟ್ಟೆಯಲ್ಲಿ ಕೊಟ್ಟದ್ದೂ ನೇರಳೆ ಶಾಯಿಯೇ, ಅದೂ ಅಡ್ಡಡ್ಡ ಗೆರೆಯೇ. ಹುರಿಯಾಳುಗಳೂ ‘ಓಟು ಕೊಡಿ’ ಎಂದು ಕೈಮುಗಿದರೇ ಹೊರತು ಮುದ್ರೆ ಎಲ್ಲಿ ಒತ್ತಬೇಕೆಂದು ಯಾರೂ ಬಿಡಿಸಿ ಹೇಳಲಿಲ್ಲ. ನಮ್ಮ ಜನ ಬೇಡದವರಿಗೆಲ್ಲ ಒತ್ತಿ, ಬೇಕಾದವರನ್ನು ಮುಟ್ಟದೆ ಬಂದರು.

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದೆ. ಬೀದಿಗೆಲ್ಲ ಕಾಗದ ಓದಿ ಹೇಳುವವನು ಎಂದು ಸಾಹುಕಾರರು ನನ್ನನ್ನು ಎಣಿಕೆಯ ದಿನ ತಮ್ಮ ಏಜೆಂಟನಾಗಿ ಕೂರಿಸಿದರು. ನಾಲ್ಕು ಚುನಾವಣೆಗೂ ನಾನೇ. ಮೊದಲ ಎಣಿಕೆಯಲ್ಲಿ ಅವರಿಗೆ ಬಂದದ್ದು ಇನ್ನೂರ ಹದಿನಾಲ್ಕು ಓಟು. ಪಕ್ಕದ ಮೇಜಿನಲ್ಲಿ ತಿರಸ್ಕೃತ ಮತಗಳ ಕಟ್ಟು ಬಿದ್ದಿತ್ತು, ಇಣುಕಿ ನೋಡಿದೆ. ಕಣದಲ್ಲಿ ಐವರಿದ್ದರು. ಚೀಟಿಯ ಮೇಲೆ ಚೀಟಿ, ನಾಲ್ಕು ಗುರುತಿಗೆ ಮುದ್ರೆ ಗುದ್ದಿ, ಏಣಿಯೊಂದನ್ನು ಮಾತ್ರ ಒಗೆದ ಪಂಚೆಯಂತೆ ಬಿಟ್ಟಿದ್ದರು. ಅಂಥವು ಆರುನೂರ ತೊಂಬತ್ತು. ಅವೇ ಅವರ ನಿಜವಾದ ಓಟುಗಳು. ನಿಮ್ಮವರು ಅವನ್ನು ಹುರಿಯಿಂದ ಬಿಗಿದು, “ನಿಮ್ಮ ಕಡೆಯೋರು ಚೆನ್ನಾಗಿ ಆಟ ಆಡಿದ್ದಾರೆ” ಎಂದು ಮೂಲೆಗೆಸೆದರು.

ಹಾಗಾದರೆ ಎಣಿಕೆಗೆ ಸಿಕ್ಕ ಇನ್ನೂರ ಹದಿನಾಲ್ಕು? ಏಣಿಯ ಮೇಲೆ ಮಾತ್ರ ಮುದ್ರೆ ಬಿದ್ದ ಚೀಟಿಗಳು. ಅಂದರೆ, ‘ಈ ಆದಿನಾರಾಯಣಪ್ಪನೊಬ್ಬ ಬೇಡ’ ಎಂದು ಹೊಟ್ಟೆಯುರಿದು ಗುದ್ದಿದವರು.

ಅಲ್ಲಿಂದ ಮುಂದೆ ನಡೆದದ್ದನ್ನು ನೋಡಿ. ಸೋಲಿನ ಸಿಟ್ಟಿನಲ್ಲಿ ಸಾಹುಕಾರರ ಕೈಯ ಮುದ್ರೆ ಹರಿತವಾಯಿತು. ನಮ್ಮಪ್ಪನ ಕಣ್ಣು ಮಂಜಾದ ವರ್ಷ ಅವನ ಆರು ಸೀರೆಗೆ ಸಾಲಾಗಿ ಮುದ್ರೆ ಬಿತ್ತು. ಆರನೆಯದನ್ನು ಮಡಚಿ ತಂದು ಅಪ್ಪ ಅವ್ವನ ಮಡಿಲಿಗೆ ಹಾಕಿದ. ಮತ್ತೆ ಮಗ್ಗದ ಮುಂದೆ ಕೂರಲಿಲ್ಲ. ಅರವತ್ತೇಳರಲ್ಲಿ ನಮ್ಮವ್ವ ಬೈರಮ್ಮ, ಮೊದಲ ಸಲ ಅವರನ್ನು ಮುಟ್ಟದೆ ಬಂದಿದ್ದವಳು, ಸೈಕಲ್ ಗುರುತಿನ ಮೇಲೆ ಶಾಯಿ ಹಿಂದಕ್ಕೆ ಇಳಿಯುವಂತೆ ಒತ್ತಿ ಬಂದಳು. “ಆರು ಒತ್ತಿದ್ನಲ್ಲ ನಿಮ್ಮಪ್ಪಂಗೆ? ಒಂದಾದ್ರೂ ವಾಪಸ್ ಕೊಟ್ಟೆ ಕಣೋ” ಎಂದಳು. ಆ ಸಲ ಸಾಹುಕಾರರಿಗೆ ನಾನೂರ ಎಂಬತ್ತೇಳು ಓಟು. ಅವರು ಕುಣಿದಾಡಿಬಿಟ್ಟರು. “ಸೊಣ್ಣಪ್ಪಾ, ಎರಡರಷ್ಟಾಯ್ತಲ್ಲೋ! ಜನ ನನ್ನ ಅರ್ಥ ಮಾಡ್ಕೊಳ್ತಾವ್ರೆ ಕಣೋ!”

ಎಪ್ಪತ್ತೆರಡರಲ್ಲಿ ಒಂಬೈನೂರ ಮೂರು. ಈ ಫೆಬ್ರವರಿಯಲ್ಲಿ ಸಾವಿರದ ಮುನ್ನೂರ ಹನ್ನೊಂದು. ಲೋಕದಲ್ಲಿ ಇಂಥ ಪ್ರಜಾಪ್ರಭುತ್ವ ಎಲ್ಲಾದರೂ ಉಂಟೇ? ದ್ವೇಷ ಏರಿದಷ್ಟೂ ಓಟು ಏರುತ್ತದೆ, ಪ್ರೀತಿಯೆಲ್ಲ ಹೋಗಿ ತಿರಸ್ಕೃತ ಕಟ್ಟಿನಲ್ಲಿ ಬೀಳುತ್ತದೆ. ಒಂದೊಂದು ಏರಿಕೆಗೂ ಒಂದೊಂದು ಶೆಡ್ಡು ಹೋಯಿತು. ಸ್ಟೇಷನ್ ಕಡೆಯದು, ಕೆರೆ ಕಡೆಯದು, ಮನೆಯ ಹಿಂದಿನದು. ಉಳಿದಿರುವುದು ನಾನು ಮಗ್ಗ ಓಡಿಸುವ ಈ ಒಂದು. ಠೇವಣಿ ಹೋದವನು ಸಾಮಾನ್ಯವಾಗಿ ಮನೆಗೆ ಹೋಗುತ್ತಾನೆ. ಓಟು ಏರುತ್ತಿರುವವನು ಹೇಗೆ ಹೋದಾನು? ಇನ್ನೊಂದು ಸಲ, ಇನ್ನೊಂದೇ ಸಲ ಎಂದು ನೀವೇ ಅವರ ಕಿವಿಯಲ್ಲಿ ಅಂಕಿ ಊದುತ್ತಿದ್ದೀರಿ.

ನೀನೇಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳುತ್ತೀರಿ. ಕೇಳಬೇಕು. ಅರವತ್ತೇಳರಲ್ಲೇ ಮಗ್ಗದವರಿಗೆ ಹೇಳಲು ಹೋದೆ. “ಸರ್ಕಾರದ ತಮಟೆ ಸುಳ್ಳು, ನೀನೊಬ್ಬ ಸತ್ಯವಂತ, ಹೋಗ್ಲಾ” ಎಂದು ನಕ್ಕರು. ಎಪ್ಪತ್ತೆರಡಕ್ಕೆ ಮುಂಚೆ ನಿಮ್ಮ ಕಚೇರಿಗೆ ಅರ್ಜಿ ಹಿಡಿದು ಬಂದೆ. ಅಲ್ಲಿನ ಗುಮಾಸ್ತರು ಅದನ್ನು ಜೋರಾಗಿ ಓದಿ ನಾಲ್ಕು ಮೇಜಿನವರನ್ನು ನಗಿಸಿದರು. “ಏನಯ್ಯಾ, ನಮ್ಮ ಬೀದಿಯೋರಿಗೆ ಬುದ್ಧಿ ಇಲ್ಲ ಅಂತ ನೀನೇ ಬರ್ಕೊಂಡು ಬಂದಿದ್ದೀಯಲ್ಲ?” ಆರು ತಿಂಗಳ ಮೇಲೆ, ಚುನಾವಣೆಯೂ ಮುಗಿದ ಮೇಲೆ, ಉತ್ತರ ಬಂತು: “ಅಭೀಷ್ಟ ಎಂಬ ಪದವು ವ್ಯಾಕರಣರೀತ್ಯಾ ಶುದ್ಧವಾಗಿರುವುದರಿಂದ ಬದಲಾವಣೆಗೆ ಅವಕಾಶವಿರುವುದಿಲ್ಲ. ಮನವಿಯನ್ನು ವಿಲೇ ಮಾಡಲಾಗಿದೆ.” ಪದ ಶುದ್ಧವಾಗಿದೆ, ಸ್ವಾಮಿ. ಜನ ಹಾಳಾದರು, ಅಷ್ಟೇ.

ಇವೆರಡೂ ನಿಜ, ಆದರೆ ಪೂರ್ತಿ ನಿಜವಲ್ಲ. ಇನ್ನೆರಡು ಕಾರಣವಿದೆ, ಅವು ನಾಚಿಕೆಯವು. ಒಂದು, ಸಾಹುಕಾರರಿಗೆ ಗೊತ್ತಾದರೆ ಅವರಿಗೆ ಬಿದ್ದ ಓಟೆಲ್ಲ ಬೈಗುಳ ಎಂದಾಗುತ್ತದೆ. ಬೈದವರು ಯಾರು? ಅವರ ಶೆಡ್ಡಿನವರೇ. ಮರುದಿನ ಬೀದಿ ಖಾಲಿ. ಇನ್ನೊಂದು, ನನಗೆ ಮಜಾ ಇತ್ತು. ನಮ್ಮ ಕೂಲಿ ಕತ್ತರಿಸಿದ ಮುದ್ರೆಯೇ ಅವರನ್ನು ಕುಣಿಸುತ್ತಿದೆ, ಕುಣಿಯಲಿ, ಹಾಳಾಗಲಿ ಎಂದು ಸುಮ್ಮನಿದ್ದೆ. ಹೋರಾಟಗಾರನೆಂದು ಕರೆಸಿಕೊಳ್ಳುವವನು ಆಡಬಾರದ ಆಟ ಅದು. ಸಾಹುಕಾರ ಹಾಳಾದರೆ ಮೊದಲು ಬೀದಿಗೆ ಬೀಳುವುದು ಮಗ್ಗದವನು ಎಂಬ ಸಾದಾ ಲೆಕ್ಕ ನನ್ನ ತಲೆಗೆ ಹೋಗಲು ಎರಡನೇ ಶೆಡ್ಡಿಗೆ ಬೀಗ ಬೀಳಬೇಕಾಯಿತು. ಅಷ್ಟರಲ್ಲಿ ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ ಎಂಬಲ್ಲಿಗೆ ಬಂದು ಸಿಕ್ಕಿಕೊಂಡಿದ್ದೆವು.

ಕಳೆದ ಮಂಗಳವಾರ ಮಧ್ಯಾಹ್ನ ಸಾಹುಕಾರರ ಹೆಂಡತಿ ಭಾಗ್ಯಮ್ಮ ನಮ್ಮ ಮನೆಗೆ ಬಂದರು. ಸಾಹುಕಾರ್ತಿಯಾದ ಮೇಲೆ ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು. ಒಂದು ಕಾಲದಲ್ಲಿ ಅವರೂ ನಮ್ಮವ್ವನೂ ಒಂದೇ ಜಗಲಿಯಲ್ಲಿ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿದವರು. ಅವ್ವ ಚಾಪೆ ಹಾಸಿದಳು. ಭಾಗ್ಯಮ್ಮ ಕೂತವರೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಶುರುಮಾಡಿದರು.

“ಬೈರಿ, ಒಂದು ಕೆಲಸ ಆಗ್ಬೇಕು ಕಣೇ ನಿನ್ನಿಂದ. ಇವರು ಪುರಸಭೆಗೂ ನಿಲ್ತಾರಂತೆ. ಇವರೊಬ್ಬರೇ ಅಲ್ಲ, ಎಲ್ಲಾ ವಾರ್ಡಿಗೂ ತಮ್ಮ ಕಡೆಯೋರನ್ನ ನಿಲ್ಲಿಸ್ತಾರಂತೆ. ಅದಕ್ಕೆ ಇರೋ ಒಂದು ಶೆಡ್ಡೂ ಮಾರ್ತಾರಂತೆ.”

“ಗೊತ್ತು ಕಣಕ್ಕ.”

“ಇಷ್ಟು ವರ್ಷ ನಾನು ಅವರೊಬ್ಬರನ್ನ ಬಿಟ್ಟು ಮಿಕ್ಕೋರಿಗೆಲ್ಲ ಮುದ್ರೆ ಒತ್ತಿ ಬರ್ತಿದ್ದೆ. ಕಟ್ಕೊಂಡ ಗಂಡ, ಅವರ ಮೇಲೆ ಹೆಂಗೆ ಒತ್ತಲಿ? ಈ ಸಲ ಮನಸ್ಸು ಕಲ್ಲು ಮಾಡ್ಕೊಂಡಿದ್ದೀನಿ. ಅವರ ಮೇಲೇ ಒತ್ತುತೀನಿ. ನೀವೂ ಒತ್ತಿ. ಬೀದಿಗೆಲ್ಲ ಹೇಳು, ಒಬ್ಬರೂ ಬಿಡದಂಗೆ ಒತ್ತಲಿ. ಒಂದೇ ಒಂದು ಓಟೂ ಬರದಂಗೆ ಸೋತರೆ ಆಗಲಾದ್ರೂ ಕೂರ್ತಾರೆ.”

ಮಾನ್ಯರೇ, ಆ ಕ್ಷಣದಲ್ಲಿ ನನಗೆ ಕಂಡ ಲೆಕ್ಕವನ್ನು ನಿಮ್ಮ ಯಾವ ನಮೂನೆಯಲ್ಲಿ ತುಂಬಿ ಕೊಡಲಿ? ವಿಧಾನಸಭೆ ದೊಡ್ಡ ಕ್ಷೇತ್ರ, ನಮ್ಮ ಮುದ್ರೆಗಳು ಅಲ್ಲಿ ಕಡಲಿಗೆ ಬಿದ್ದ ಉಪ್ಪು. ಪುರಸಭೆಯ ವಾರ್ಡಿನಲ್ಲಿರುವುದು ನಮ್ಮ ಬೀದಿಗಳಷ್ಟೇ. ಬೀದಿಯೆಲ್ಲ ಸೇರಿ ಬೇಡ ಬೇಡ ಎಂದು ಗುದ್ದಿದರೆ ಆ ಮನುಷ್ಯ ಗೆದ್ದೇಬಿಡುತ್ತಾರೆ. ಗೆದ್ದವರು ನಾಳೆ ಚುನಾವಣೆಗೆ ನಿಲ್ಲುವುದನ್ನು ಬಿಡುತ್ತಾರೆಯೇ? ಮಾರಲು ಶೆಡ್ಡು ಮುಗಿದರೆ ಮನೆಯ ಬಾಗಿಲು ಕೀಳುತ್ತಾರೆ.

ಹೇಳಿಬಿಟ್ಟೆ. ಅಭೀಷ್ಟ ಅಂದರೆ ಬೇಕಾದವರು, ಮುದ್ರೆ ಒತ್ತಿದರೆ ಅವರಿಗೇ ಓಟು, ಎಲ್ಲರಿಗೂ ಒತ್ತಿದರೆ ಕಸ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ನಮ್ಮವ್ವ ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟಳು. “ಹಂಗಾದ್ರೆ ಆವಯ್ಯನ್ನ ಇಷ್ಟು ವರ್ಷ ನಿಲ್ಸಿದ್ದು ನಾನೇನ್ಲಾ?”

“ನಾವೆಲ್ಲ, ಅವ್ವಾ.”

“ನಿಮ್ಮಪ್ಪನ ಆರು ಸೀರೆಗೆ ಅಂತ ಒತ್ತಿದ್ದು, ಅವನಿಗೆ ಹೂವಾಗಿ ಹೋಯ್ತಾ! ಥೂ!”

ಭಾಗ್ಯಮ್ಮ ಮೆಲ್ಲಗೆ ಕೇಳಿದರು. “ಮತ್ತೆ ನನ್ನ ಓಟು, ಸೊಣ್ಣಪ್ಪ?”

ಫೆಬ್ರವರಿಯ ಎಣಿಕೆಯಲ್ಲಿ ನಾನು ತಿರಸ್ಕೃತ ಕಟ್ಟನ್ನು ಕೇಳಿ ಬಿಚ್ಚಿಸಿ ನೋಡಿದ್ದೆ. ಅರವತ್ತೆರಡರಲ್ಲಿ ಆರುನೂರ ತೊಂಬತ್ತು ಇದ್ದವು, ಅರವತ್ತೇಳರಲ್ಲಿ ಅರ್ಧವಾದವು, ಎಪ್ಪತ್ತೆರಡರಲ್ಲಿ ಬೆರಳೆಣಿಕೆಗೆ ಬಂದವು. ಈ ಸಲ ಒಂದೇ ಒಂದು ಚೀಟಿ. ಮಿಕ್ಕ ಎಲ್ಲ ಗುರುತಿಗೂ ಮುದ್ರೆ ಬಿದ್ದಿತ್ತು, ಒಂಟೆಗೆ ಮಾತ್ರ ಒಂದು ಹನಿ ಶಾಯಿ ತಾಗಿರಲಿಲ್ಲ. ಈ ಬೀದಿಯಲ್ಲಿ ಇನ್ನೂ ಅವರನ್ನು ಬಯಸುವವರು ಯಾರಪ್ಪ ಎಂದು ಮೂರು ತಿಂಗಳು ತಲೆ ಕೆರೆದುಕೊಂಡಿದ್ದೆ. ಆ ಒಬ್ಬರು ನಮ್ಮ ಮನೆಯ ಚಾಪೆಯ ಮೇಲೆ ಕೂತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ.

“ಅವರಿಗೆ ನಾವ್ಯಾರೂ ಹೇಳಂಗಿಲ್ಲ” ಎಂದರು ಭಾಗ್ಯಮ್ಮ. “ನಾನು ಹೇಳಿದ್ರೆ ನಂಬಲ್ಲ, ನೀವು ಹೇಳಿದ್ರೆ ಉಳಿಸಲ್ಲ. ಮಾಡಿದ್ದು ಸರ್ಕಾರ ತಾನೇ? ಸರ್ಕಾರವೇ ಬಂದು ಹೇಳಲಿ.”

ಅದಕ್ಕೇ ಈ ಪತ್ರ. ನನ್ನ ಬೇಡಿಕೆ ದೊಡ್ಡದೇನಲ್ಲ. ಜೂನ್ ಹನ್ನೆರಡರೊಳಗೆ, ಹಗಲು ಹೊತ್ತಿನಲ್ಲಿ, ಕುರ್ಚಿ ಬಿಟ್ಟು ಎದ್ದು ಹಾಸುಬೀದಿಗೆ ಬನ್ನಿ. ಜವರಪ್ಪ ಇನ್ನೂ ಬದುಕಿದ್ದಾನೆ, ಅವನ ತಮಟೆಯೂ ಇದೆ. ನಿಮ್ಮ ಮುದ್ರೆಯನ್ನು ಎಲ್ಲರ ಕಣ್ಣೆದುರಿಗೆ ಒಂದು ಖಾಲಿ ಕಾಗದಕ್ಕೆ ಒತ್ತಿ, ನಮ್ಮ ಕನ್ನಡದಲ್ಲಿ ಹೇಳಿ: ಮುದ್ರೆ ಒತ್ತುವುದು ಬೇಕಾದವರಿಗೆ, ಬೇಡದವರಿಗಲ್ಲ, ಒಂದೇ ಒತ್ತಬೇಕು, ಹದಿನಾರು ವರ್ಷ ನಿಮಗೆ ತಪ್ಪಾಗಿ ಕೇಳಿಸಿದ್ದು ನಮ್ಮ ತಪ್ಪು. ಕೊನೆಯ ಮಾತನ್ನು ನುಂಗಬೇಡಿ. ‘ನಮ್ಮ ತಪ್ಪು’ ಎಂದು ನೀವು ಅಂದರೆ ಮಾತ್ರ ಅದು ಮಗ್ಗದವರ ತಪ್ಪಾಗದೆ ಉಳಿಯುತ್ತದೆ. ಬೀದಿ ಮೂದಲಿಸಿತೆಂದು ಸಾಹುಕಾರರು ಯಾರ ಮಗ್ಗಕ್ಕೂ ಬೀಗ ಹಾಕುವಂತಿಲ್ಲ, ಸರ್ಕಾರದ ಅಂಕಿಯೇ ಸುಳ್ಳಾಗಿತ್ತು ಎಂದು ತಲೆಯೆತ್ತಿಕೊಂಡೇ ಅವರು ಹಿಂದೆ ಸರಿಯಬಹುದು.

ಹೀಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರೆ ಸಾಹುಕಾರರು ಓದುವುದಿಲ್ಲವೇ ಎಂದು ಕೇಳುತ್ತೀರಿ. ಓದುತ್ತಾರೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಚುನಾವಣೆ ಸುದ್ದಿಗೆ ಕಣ್ಣಾಡಿಸುವವರು ಅವರು. ನನ್ನ ಕೆಲಸ ಹೋದೀತು, ಹೋಗಲಿ. ಒಳಗೊಳಗೇ ಕೊಟ್ಟ ಅರ್ಜಿ ವಿಲೇ ಆಗುತ್ತದೆಂದು ನಿಮ್ಮಿಂದಲೇ ಕಲಿತೆ. ಬರೆಯುವ ಮುಂಚೆ ಭಾಗ್ಯಮ್ಮನವರನ್ನು ಕೇಳಿದೆ. “ಬರಿ. ಆದ್ರೆ ಆ ಒಂದು ಚೀಟಿ ಯಾರ್ದು ಅಂತಾನೂ ಬರಿ” ಎಂದರು. ಬರೆದಿದ್ದೇನೆ.

ಸಾಹುಕಾರರೇ, ಇಲ್ಲಿಯವರೆಗೆ ಓದಿದ್ದರೆ ಕೇಳಿ. ನಿಮ್ಮ ಮೇಲಿನ ಸಿಟ್ಟು ನನಗೆ ಆರಿಲ್ಲ, ಅಪ್ಪನ ಆರು ಸೀರೆ ಪೆಟ್ಟಿಗೆಯಲ್ಲೇ ಇವೆ. ಆದರೆ ಅರವತ್ತೆರಡರಲ್ಲಿ ಆರುನೂರ ತೊಂಬತ್ತು ಜನ ನಿಮ್ಮನ್ನು ಮುಟ್ಟದೆ ಬಿಟ್ಟಿದ್ದರು, ದಾಗಿಲ್ಲದ ಸೀರೆಯೆಂದು. ಅದರಲ್ಲಿ ನಮ್ಮವ್ವನೂ ಒಬ್ಬಳು. ಅದು ನಿಮಗೆ ಗೊತ್ತಿರಲಿ.

ಮಾನ್ಯರೇ, ಬರುವಾಗ ನಿಮ್ಮ ಕಚೇರಿಯ ಒಂದು ಖಾಲಿ ಬೆಂಚನ್ನೂ ಹೊರಿಸಿಕೊಂಡು ಬನ್ನಿ. ಅರವತ್ತೊಂದರಿಂದ ನಿಂತಿರುವ ಆ ಮನುಷ್ಯನಿಗೆ ಸರ್ಕಾರದ ಕಡೆಯಿಂದ ಯಾರಾದರೂ ಒಬ್ಬರು ‘ಕೂರಿ’ ಅನ್ನಬೇಕು.

ಇಂತಿ,
ನಾಲ್ಕು ಎಣಿಕೆ ಕಂಡು, ತನ್ನ ಬಾಯಿಗೆ ತಾನೇ ಮುದ್ರೆ ಒತ್ತಿಕೊಂಡಿದ್ದ
ಸೊಣ್ಣಪ್ಪ
ಮಗ್ಗದ ಕೂಲಿ (ಹನ್ನೆರಡನೇ ತಾರೀಖಿನವರೆಗೆ)
ಹಾಸುಬೀದಿ, ದೊಡ್ಡಬಳ್ಳಾಪುರ
ಮೇ ೧೯೭೮